ದೊಡ್ಡವಳು ಹೋದಳೋ ಉಳಿದಳೋ

"ಅಕ್ಕಾ, ನಿಜ ಹೇಳಿ. ಜನಕ್ಕೆ ಆ ದರಿದ್ರ ಧಾರಾವಾಹೀನೇ ಯಾಕೆ ಬೇಕು?"

ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. ಅವಳು ಯಾರ ಅಡುಗೆಮನೆಗೂ ಕಾಲಿಡುವವಳಲ್ಲ, ತನ್ನದಕ್ಕೇ ಅಪರೂಪ. ಎದುರು ಬಾಗಿಲಿನ ಮನೆಯಲ್ಲೇ ಇದ್ದುಕೊಂಡು ಹದಿನಾಲ್ಕು ತಿಂಗಳಿಂದ ಇತ್ತ ಮುಖ ಹಾಕದಿದ್ದವಳು ಇವತ್ತು ತಾನಾಗಿ ಬಂದಿದ್ದಾಳೆ, ಅದೂ ಸಲಹೆ ಕೇಳಲು. ಡೈಲಾಗಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೂ ಹಿಟ್ಟು ಕಲಸುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ಯಾವುದು? ‘ಸವತಿಯ ನೆರಳಾ’?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

"ಅದೇ. ಕಥೆ ಇಲ್ಲ, ಲೈಟಿಂಗ್ ಇಲ್ಲ, ಆ ಹೀರೋಯಿನ್‌ಗೆ ನೆಟ್ಟಗೆ ಅಳೋಕೂ ಬರಲ್ಲ. ನಾವು ಸಿನಿಮಾ ಥರ ತೆಗೀತಿದೀವಿ. ಆದ್ರೂ ಪ್ರತಿ ಗುರುವಾರ ರೇಟಿಂಗ್ ಬಂದಾಗ ಅದು ಮೇಲೆ, ನಾವು ಕೆಳಗೆ. ನೀವು ಒಂಬತ್ತು ವರ್ಷ ಬರೆದೋರು ಅಕ್ಕ. ನಿಮಗೇನಾದ್ರೂ ಹೊಳೆಯುತ್ತಾ?"

ಹೊಳೆಯುತ್ತಾ ಎಂದು ಕೇಳುತ್ತಾಳಲ್ಲ! ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಆ ಕ್ಷೇತ್ರದಲ್ಲಿ ಒಬ್ಬರೇ ಒಬ್ಬರಿದ್ದರು. ಅವರು ಈಗ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಬರುವ ‘ಎಂಟು ಕಿಟಕಿ ಮನೆ’ಗೆ ಒಂಬತ್ತು ವರ್ಷ ಸಂಭಾಷಣೆ ಬರೆದವಳು ಅವಳು. ವಾರಕ್ಕೆ ಐದು ಕಂತು. ಕಟ್ಟಡದವರೆಲ್ಲ ಸೇರಿ ಡೈಲಾಗಮ್ಮ ಎಂದು ಹೆಸರಿಟ್ಟು, ಕೊನೆಗೆ ಗಂಡನೂ ಹಾಗೇ ಕರೆಯುವಂತಾಗಿತ್ತು. ಶುರುವಿನ ದಿನಗಳಲ್ಲಿ ಅವಳೂ ಎಲ್ಲರ ಹಾಗೆ ಬರೆಯುತ್ತಿದ್ದಳು: ಒಬ್ಬಳು ತಿರುಗಿ ನೋಡುತ್ತಾಳೆ, ಇನ್ನೊಬ್ಬಳ ಕಣ್ಣು ತುಂಬುತ್ತದೆ, ಸಂಗೀತ ಏರುತ್ತದೆ. ತನ್ನ ಮೊದಲ ಕಂತು ಬಂದ ದಿನ ಅವಳು ನಡುಮನೆಯಲ್ಲಿ ಟಿವಿಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರೆ, ಒಳಗೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಕೂಗಿದ್ದರು: "ಯಾರೇ ಬಂದಿದ್ದು? ಯಾಕೆ ಎಲ್ಲ ಸುಮ್ಮನಾದ್ರು? ಯಾರಾದ್ರೂ ಸತ್ತರಾ?"

ಅವತ್ತು ಅವಳಿಗೆ ಬುದ್ಧಿ ಬಂತು. ಎರಡು ಗಂಟೆ ಹೊತ್ತಿಗೆ ಯಾವ ಮನೆಯಲ್ಲೂ ಯಾವ ಹೆಂಗಸಿನ ಕೈಯೂ ಖಾಲಿ ಇರುವುದಿಲ್ಲ, ಕಣ್ಣೂ ಖಾಲಿ ಇರುವುದಿಲ್ಲ. ಪಾತ್ರೆ ತೊಳೆಯುತ್ತಿರುತ್ತಾರೆ, ಇಸ್ತ್ರಿ ಹಾಕುತ್ತಿರುತ್ತಾರೆ, ಮಗುವಿಗೆ ತಿನ್ನಿಸುತ್ತಿರುತ್ತಾರೆ. ಟಿವಿ ನಡುಮನೆಯಲ್ಲಿ ತನ್ನ ಪಾಡಿಗೆ ತಾನು ಕೂಗುತ್ತಿರುತ್ತದೆ. ಎರಡು ಗಂಟೆಯ ಧಾರಾವಾಹಿಯನ್ನು ಯಾರೂ ನೋಡುವುದಿಲ್ಲ, ಕೇಳುತ್ತಾರೆ.

ಅಲ್ಲಿಂದ ಅವಳು ಕಿವಿಗೆ ಬರೆಯತೊಡಗಿದಳು. ಅವಳ ಪಾತ್ರಗಳು ಸಂಬಂಧ ಹೇಳದೆ ಬಾಯಿ ತೆರೆಯುತ್ತಿರಲಿಲ್ಲ. "ಭಾವ, ಬಾಗಿಲಲ್ಲೇ ಯಾಕೆ ನಿಂತ್ರಿ?" ಎಂದರೆ ಭಾವ ಬಂದ ಎಂದು ನಲ್ಲಿಯ ಕೆಳಗೆ ಪಾತ್ರೆ ಹಿಡಿದವಳಿಗೆ ತಿಳಿಯಬೇಕು. "ಅತ್ತೆ, ಆ ಕಾಗದ ಹರೀಬೇಡಿ!" ಎಂದರೆ ಕಾಗದ ಹರಿಯಿತು ಎಂದು ಇಸ್ತ್ರಿಪೆಟ್ಟಿಗೆಗೂ ತಿಳಿಯಬೇಕು. ಅಳುವವರು ಸುಮ್ಮನೆ ಅಳುವಂತಿಲ್ಲ, ಯಾರಾದರೂ "ಅಳ್ತಿದೀಯಾ ಚಿಕ್ಕವಳೇ?" ಎಂದು ಕೇಳಲೇಬೇಕು. ಅವಳಿದ್ದ ಕಟ್ಟಡದ ಹದಿನಾರು ಅಡುಗೆಮನೆಗಳ ಕಿಟಕಿಗಳೂ ನಡುವಿನ ಬಾವಿಯಂಥ ಒಂದು ಸಂದಿಗೆ ತೆರೆದುಕೊಳ್ಳುತ್ತಿದ್ದವು. ಎರಡು ಗಂಟೆಗೆ ಆ ಸಂದಿಯಲ್ಲಿ ಕಿವಿಯಿಟ್ಟರೆ ಹದಿನಾರು ಮನೆಯಿಂದಲೂ ಅವಳ ಒಂದೇ ಮಾತು ಒಟ್ಟಿಗೆ ಕೇಳುತ್ತಿತ್ತು. ಅಂಥ ಸುಖ ಅವಳಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಈ ಗುಟ್ಟನ್ನು ಅವಳು ಯಾರಿಗೂ ಹೇಳಲಿಲ್ಲ. ನಿರ್ಮಾಪಕರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಕೇಳಿದವರಿಗೆ "ಏನೋ, ಕೈಗುಣ" ಎನ್ನುತ್ತಿದ್ದಳು.

ಆಮೇಲೆ ಮೈದುನನ ಮದುವೆಯಾಗಿ ಈ ಓರಗಿತ್ತಿ ಬಂದಳು. ಸಿನಿಮಾ ಶಾಲೆಯಲ್ಲಿ ಓದಿದವಳು, ಕೆಲಸವಿಲ್ಲದೆ ಕೂತಿದ್ದಳು. ಪಾಪ ಎಂದು ಡೈಲಾಗಮ್ಮನೇ ಅವಳನ್ನು ಕೈಹಿಡಿದು ಕರೆದುಕೊಂಡು ಹೋಗಿ, ತನ್ನ ಬರಹವನ್ನು ನೀಟಾಗಿ ಟೈಪ್ ಮಾಡುವ ಕೆಲಸ ಕೊಡಿಸಿದಳು. ತಾನೇ ಗುಂಡಿ ತೋಡಿ ತಾನೇ ಅಳತೆ ನೋಡಲು ಮಲಗಿದ ಹಾಗಾಯಿತು. ವರ್ಷ ತುಂಬುವುದರೊಳಗೆ ಒಂದು ದಿನ ನಿರ್ಮಾಪಕರ ಕಚೇರಿಯಲ್ಲಿ, ನಟನಟಿಯರು, ಕ್ಯಾಮೆರಾದವರು ಎಲ್ಲ ಸೇರಿದ್ದ ಮೀಟಿಂಗಿನಲ್ಲಿ, ಓರಗಿತ್ತಿ ಇಪ್ಪತ್ತೆರಡು ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಪ್ರತಿ ಹಾಳೆಯಲ್ಲೂ ಕೆಂಪು ಗೀಟು.

"ಒಂದೇ ಕಂತಲ್ಲಿ ‘ಭಾವ’ ಅನ್ನೋ ಪದ ನಲವತ್ತೊಂದು ಸಲ ಬಂದಿದೆ ಸರ್" ಎಂದಿದ್ದಳು. "ಭಾವನ್ನ ಕಣ್ಣಾರೆ ನೋಡ್ತಾ ಇರ್ತೀವಿ. ಮತ್ತೆ ಮತ್ತೆ ‘ಭಾವ ಬಂದ್ರು, ಭಾವ ಕೂತ್ರು’ ಅಂತ ಹೇಳೋಕೆ ಇದೇನು ಕ್ರಿಕೆಟ್ ಕಾಮೆಂಟರೀನಾ?"

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಭಾವನ ಪಾತ್ರ ಮಾಡುವವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮನೆಗೆ ಒಂಬತ್ತು ವರ್ಷ ಅನ್ನ ಹಾಕಿದ್ದು ಆ ನಲವತ್ತೊಂದು ಭಾವಗಳೇ. ನಿರ್ಮಾಪಕರು ಕನ್ನಡಕ ತೆಗೆದು ಒರೆಸಿಕೊಂಡು, "ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತೆ ಅಲ್ವಾ ಅಮ್ಮ?" ಎಂದರು. ಉತ್ತರ ಹೇಳಲು ಡೈಲಾಗಮ್ಮನಿಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ನಗುತ್ತಿದ್ದ ಬಾಯಿಗಳನ್ನು ಒಂದೊಂದಾಗಿ ನೋಡಿ, ಇಷ್ಟು ಜನಕ್ಕೆ ನನ್ನ ಗುಟ್ಟು ಯಾಕೆ ದಾನ ಮಾಡಬೇಕು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಮುಂದಿನ ಸೋಮವಾರದಿಂದ ಅವಳ ಹೆಸರಿದ್ದ ಜಾಗದಲ್ಲಿ ಓರಗಿತ್ತಿಯ ಹೆಸರು ಬಂತು. ಅಂದೇ ಡೈಲಾಗಮ್ಮ ಅವಳಿಗೆ ಮನಸ್ಸಿನಲ್ಲೇ ಕತ್ತರಿ ಎಂದು ಹೆಸರಿಟ್ಟಳು. ಆ ಧಾರಾವಾಹಿಯ ಮುಖ ಇನ್ನು ನೋಡುವುದಿಲ್ಲ ಎಂದು ಗಂಡನ ಎದುರು ಶಪಥವನ್ನೂ ಮಾಡಿದಳು.

ಕೆಲಸ ಹೋಗಿದ್ದು ಅವಳಿಗೆ ಅಷ್ಟು ಉರಿಯಲಿಲ್ಲ. ಉರಿದದ್ದು ದೊಡ್ಡವಳ ವಿಷಯಕ್ಕೆ. ದೊಡ್ಡವಳು ಎಂದರೆ ‘ಎಂಟು ಕಿಟಕಿ ಮನೆ’ಯ ದೊಡ್ಡ ಸೊಸೆ. ಒಂಬತ್ತು ವರ್ಷ ಆ ಮನೆಯ ಭಾರ ಹೊತ್ತು, ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದವಳು. ಕೊನೆಯ ಕಂತಿನಲ್ಲಿ ಅವಳು ಆ ಮನೆ ಬಿಟ್ಟು ಹೋಗಬೇಕೋ ಉಳಿಯಬೇಕೋ ಎಂದು ಡೈಲಾಗಮ್ಮ ಒಂಬತ್ತು ವರ್ಷ ಲೆಕ್ಕ ಹಾಕಿದ್ದಳು. ಪಾತ್ರೆ ತೊಳೆಯುತ್ತ ಹಾಕಿದ್ದಳು, ಬಸ್ಸಿನಲ್ಲಿ ಕೂತು ಹಾಕಿದ್ದಳು. ಹೋಗಲಿ ಎಂದು ಒಮ್ಮೆ, ಬೇಡ ಎಂದು ಇನ್ನೊಮ್ಮೆ. ಅದನ್ನು ತೀರ್ಮಾನಿಸುವ ಹಕ್ಕು ಈಗ ಕತ್ತರಿಯ ಕೈಯಲ್ಲಿತ್ತು. ಹೆತ್ತ ಮಗಳನ್ನು ಪಕ್ಕದ ಮನೆಯವರು ಬೆಳೆಸಿ, ಅವಳ ಮದುವೆಗೂ ಕರೆಯದಿದ್ದರೆ ಆಗುವ ಸಂಕಟ ಅದು.

ಈಗ ಆ ಕತ್ತರಿಯೇ ಬಾಗಿಲಲ್ಲಿ ನಿಂತು ಸಲಹೆ ಕೇಳುತ್ತಿದ್ದಾಳೆ.

ಡೈಲಾಗಮ್ಮ ಹಿಟ್ಟನ್ನು ಮಗುಚಿ ಹಾಕಿ, ನಿಧಾನವಾಗಿ ಹೇಳಿದಳು: "ಬೇಜಾರು ಮಾಡ್ಕೋಬೇಡ. ನೀನು ಅರ್ಧ ಕೆಲಸ ಮಾಡಿ ನಿಲ್ಲಿಸಿಬಿಟ್ಟಿದೀಯ."

"ಅಂದ್ರೆ?"

"ಇನ್ನೂ ಮಾತು ಜಾಸ್ತಿ ಇದೆ. ಅವತ್ತು ಮೀಟಿಂಗಲ್ಲಿ ನೀನು ಹೇಳಿದ್ದೇ ಸರಿ, ನನಗೇ ಆಗ ತಲೆಗೆ ಹೋಗ್ಲಿಲ್ಲ. ಜನ ಈಗ ಬುದ್ಧಿವಂತರು. ಮುಖ ನೋಡೇ ಎಲ್ಲ ತಿಳ್ಕೋತಾರೆ. ನೀನು ಕತ್ತರಿಸೋಕೆ ಹೊರಟು ಹೆದರ್ಕೊಂಡೆ. ಪೂರ್ತಿ ಕತ್ತರಿಸು. ಗಂಡ ಹೆಂಡತಿ ಜಗಳ ಆಡಿದ್ರೆ ಬರೀ ನೋಟ. ಸಾವಾದ್ರೆ ಬರೀ ಖಾಲಿ ಕುರ್ಚಿ."

ಓರಗಿತ್ತಿಯ ಕಣ್ಣು ಅರಳಿತು. "ಖಾಲಿ ಕುರ್ಚಿ" ಎಂದು ತನಗೆ ತಾನೇ ಹೇಳಿಕೊಂಡಳು. "ಅಕ್ಕಾ, ನಾನು ಅಂದ್ಕೊಂಡಿದ್ದೂ ಅದೇ. ಚಾನೆಲ್‌ನೋರು ಬಿಡ್ತಿರಲಿಲ್ಲ. ನೀವೂ ಹೀಗೇ ಹೇಳಿದ್ರಿ ಅಂತ ಹೇಳ್ಲಾ?"

"ಧಾರಾಳವಾಗಿ ಹೇಳು" ಎಂದಳು ಡೈಲಾಗಮ್ಮ. ಅವತ್ತು ಹಿಟ್ಟು ಎಷ್ಟು ಹದವಾಗಿ ಬಂದಿತ್ತೆಂದರೆ ಅತ್ತೆ ಒಂದು ತುತ್ತು ಹೆಚ್ಚೇ ತಿಂದರು.

ಮುಂದಿನ ತಿಂಗಳು ಡೈಲಾಗಮ್ಮನ ಪಾಲಿಗೆ ಹಬ್ಬವಾಗಿತ್ತು. ಎರಡು ಗಂಟೆಗೆ ಸರಿಯಾಗಿ ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಏನಾದರೊಂದು ಕೆಲಸ ಹಚ್ಚಿಕೊಳ್ಳುವಳು. ಧಾರಾವಾಹಿಯ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದ್ದಳೇ ಹೊರತು ಕಿವಿಯ ವಿಷಯ ಎತ್ತಿರಲಿಲ್ಲ. ನಡುಮನೆಯ ಟಿವಿಯಿಂದ ಶೀರ್ಷಿಕೆ ಗೀತೆ ಬರುವುದು, ಆಮೇಲೆ ಪಿಟೀಲು. ಪಿಟೀಲು ನಿಂತರೆ ಕೊಳಲು. ಕೊಳಲು ನಿಂತರೆ ಯಾರೋ ಉಸಿರು ಬಿಟ್ಟ ಸದ್ದು. ಸಂದಿಯ ಆಚೆಯಿಂದ ಎರಡನೇ ಮಹಡಿಯ ಇಸ್ತ್ರಿಯಾಕೆ ಕಿರುಚುವಳು: "ಟಿವಿ ಕೆಟ್ಟೋಯ್ತಾ ಹೆಂಗೆ? ನಿಮ್ಮಲ್ಲಿ ಬರ್ತಿದೆಯಾ?" ಕೆಳಗಿನ ಮಹಡಿಯ ನರ್ಸಮ್ಮ ಉತ್ತರ ಕೊಡುವಳು: "ಬರ್ತಿದೆ, ಎಲ್ಲರೂ ಮೌನವ್ರತ ಮಾಡ್ತಿದಾರೆ." ಎರಡನೇ ವಾರ ಇಸ್ತ್ರಿಯಾಕೆಯ ಕಿಟಕಿಯಿಂದ ‘ಸವತಿಯ ನೆರಳು’ ಕೇಳಿಸಿತು. ಅಲ್ಲಿ ಎಲ್ಲರೂ ಎಲ್ಲರಿಗೂ ಎಲ್ಲವನ್ನೂ ಕೂಗಿ ಹೇಳುತ್ತಿದ್ದರು. ಮೂರನೇ ವಾರಕ್ಕೆ ಅದು ಹನ್ನೊಂದು ಕಿಟಕಿಗಳಿಂದ ಬರುತ್ತಿತ್ತು. ಡೈಲಾಗಮ್ಮ ಒಂದೊಂದು ಕಿಟಕಿ ಕಳಚಿಕೊಂಡಾಗಲೂ ಬೆರಳು ಮಡಚುತ್ತ ಹೋದಳು.

ಒಂದೇ ಒಂದು ಹೆದರಿಕೆಯಿತ್ತು, ಅದು ಅತ್ತೆ. ಅತ್ತೆ ಇವಳ ಮನೆಯಲ್ಲೇ ಇದ್ದರು. ಏನೇ ಆದರೂ ‘ಎಂಟು ಕಿಟಕಿ ಮನೆ’ ಬಿಡರು. ಅದು ನಮ್ಮ ಮನೆಯದು ಎಂದು ಹಟ. ಅಡುಗೆಮನೆಯ ನೆಲದ ಮೇಲೆ ಬಟಾಣಿ ಬುಟ್ಟಿ ಇಟ್ಟುಕೊಂಡು ಕೂತು, "ಯಾರೇ ಬಂದಿದ್ದು?" ಎಂದು ನಿಮಿಷಕ್ಕೊಮ್ಮೆ ಕೇಳುವರು. "ಯಾರೂ ಬಂದಿಲ್ಲ ಅತ್ತೆ" ಎಂದು ಇವಳು ತರಕಾರಿ ಹೆಚ್ಚುವಳು. ಈ ಮುದುಕಿಯ ಪಕ್ಕದಲ್ಲಿ ಕತ್ತರಿ ಅರ್ಧ ಗಂಟೆ ಕೂತರೆ ಸಾಕು, ಗುಟ್ಟು ಬಯಲಾಗುತ್ತಿತ್ತು. ಆದರೆ ಆ ಸಲಹೆಯ ನಂತರ ಕತ್ತರಿ ಆಗೊಮ್ಮೆ ಈಗೊಮ್ಮೆ ಬಂದರೂ ನಡುಮನೆಯ ಸೋಫಾದ ಅಂಚಿನಲ್ಲಿ ಕೂತು, ಅತ್ತೆಯ ಆರೋಗ್ಯ ವಿಚಾರಿಸಿ ಎದ್ದು ಹೋಗುವವಳು. ಅಡುಗೆಮನೆಯ ಹೊಸ್ತಿಲು ಡೈಲಾಗಮ್ಮನ ಕೋಟೆಗೋಡೆಯಾಗಿತ್ತು.

ಎರಡು ತಿಂಗಳು ತುಂಬುವ ಮೊದಲೇ ಸುದ್ದಿ ಬಂತು. ಗಂಡ ಮತ್ತು ಮೈದುನ ಸೇರಿ ಒಂದು ಮುದ್ರಣಾಲಯ ನಡೆಸುತ್ತಿದ್ದರು, ಊಟಕ್ಕೆ ಬಂದ ಗಂಡ ಕೈ ತೊಳೆಯುತ್ತ ಹೇಳಿದ: "ಧಾರಾವಾಹಿ ನಿಲ್ಲಿಸ್ತಾರಂತೆ. ಮುಂದಿನ ತಿಂಗಳ ಮೊದಲ ಶುಕ್ರವಾರ ಕೊನೆ ಕಂತು. ತಮ್ಮ ಬೆಳಗ್ಗಿಂದ ಮಾತೇ ಆಡಿಲ್ಲ. ಅವಳು ಎರಡು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ."

"ಅಯ್ಯೋ" ಎಂದಳು ಡೈಲಾಗಮ್ಮ, ಅನ್ನ ಬಡಿಸುತ್ತ.

ಗಂಡ ಅವಳ ಮುಖವನ್ನು ದಿಟ್ಟಿಸಿದ. "ನಿನಗೇನಾದ್ರೂ ಗೊತ್ತಿದ್ದರೆ ಆ ಹುಡುಗಿಗೆ ಹೇಳು ಮಾರಾಯ್ತಿ. ಇನ್ನೂ ಮೂರು ವಾರ ಟೈಮ್ ಇದೆ."

"ನನಗೇನ್ರೀ ಗೊತ್ತಿರುತ್ತೆ? ನಾನು ಹಳೇ ಕಾಲದವಳು."

ಅವನು ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೂ ಅವಳು ಕರಗುತ್ತಿರಲಿಲ್ಲ. ಆ ಮೀಟಿಂಗಿನ ನಗು ಅವಳ ಕಿವಿಯಲ್ಲಿ ಈಗಲೂ ಹಾಗೇ ಇತ್ತು. ಅದನ್ನು ಮುಚ್ಚಿಹಾಕಲು ಎದುರು ಮನೆಯಿಂದ ಇನ್ನಷ್ಟು ಅಳು ಬೇಕಾಗಿತ್ತು. ಅವಳು ಅದನ್ನು ಯಾವ ನಾಚಿಕೆಯೂ ಇಲ್ಲದೆ ಬಯಸಿದಳು. ಬಟ್ಟೆ ಒಣಹಾಕುವ ನೆಪದಲ್ಲಿ ಎದುರು ಬಾಗಿಲ ಹತ್ತಿರ ಒಂದೆರಡು ನಿಮಿಷ ನಿಂತು ಕೇಳಿಯೂ ಬಂದಳು.

ಆ ವಾರವೇ ಹಲ್ಲುನೋವೆಂದು ದಂತವೈದ್ಯರ ಹತ್ತಿರ ಹೋಗಬೇಕಾಯಿತು. ಸರತಿ ಉದ್ದವಿತ್ತು. ಮನೆಗೆ ಬಂದಾಗ ಎರಡೂವರೆ. ದವಡೆ ಮರಗಟ್ಟಿತ್ತು, ಬಾಯಲ್ಲಿ ಹತ್ತಿ ತುರುಕಿದ್ದರು. ಚಪ್ಪಲಿ ಬಿಡುವಾಗಲೇ ಅಡುಗೆಮನೆಯಿಂದ ಎರಡು ದನಿ ಕೇಳಿದವು.

ಕತ್ತರಿ ನೆಲದ ಮೇಲೆ ಕೂತಿದ್ದಳು. ಅತ್ತೆಯ ಪಕ್ಕದಲ್ಲೇ, ಕಾಲು ಚಾಚಿಕೊಂಡು, ಮಡಿಲಲ್ಲಿ ಬಟಾಣಿ ಹಾಕಿಕೊಂಡು. ಸುಲಿಯಲು ಬಾರದೆ ಅರ್ಧ ಕಾಳನ್ನು ನಜ್ಜುಗುಜ್ಜು ಮಾಡಿದ್ದಳು. ಕಣ್ಣು ಊದಿತ್ತು. ನಡುಮನೆಯಲ್ಲಿ ಧಾರಾವಾಹಿ ಆಗಷ್ಟೇ ಮುಗಿದು ಜಾಹೀರಾತು ಬರುತ್ತಿತ್ತು.

"ನೋಡೇ, ಪಾಪ, ಒಬ್ಬಳೇ ಇರೋಕಾಗಲ್ಲ ಅಂತ ಬಂದ್ಲು" ಎಂದರು ಅತ್ತೆ. "ಧಾರಾವಾಹಿ ಪೂರ್ತಿ ನನ್ನ ಜೊತೆ ಇಲ್ಲೇ ಕೂತು ಕೇಳಿದ್ಲು. ನಾನೂ ಹೇಳ್ಬಿಟ್ಟೆ, ನಿಮ್ಮಕ್ಕ ಬರೀವಾಗ ಹಿಂಗಿರಲಿಲ್ಲ ತಾಯಿ, ಕಣ್ಣು ಮುಚ್ಕೊಂಡಿದ್ರೂ ಎಲ್ಲ ಕಾಣ್ತಿತ್ತು ಅಂತ."

ಡೈಲಾಗಮ್ಮ ಏನಾದರೂ ಹೇಳಬೇಕಿತ್ತು. ಬಾಯಲ್ಲಿ ಹತ್ತಿ ಇತ್ತು.

ಕತ್ತರಿ ಎದ್ದು, ಮಡಿಲ ಕಾಳನ್ನು ಬಟ್ಟಲಿಗೆ ಸುರಿದು, ಅದನ್ನು ಅಕ್ಕನ ಕೈಗೆ ಕೊಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಡೈಲಾಗಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನೀವು ಹೇಳಿದ್ದೇ ಸರಿ ಅಕ್ಕ" ಎಂದಳು ಮೆಲ್ಲಗೆ. "ಮಾತು ಎಲ್ಲಿ ಬೇಡವೋ ಅಲ್ಲಿ ಬೇಡ. ಕೊನೆ ವಾರದ ಕಂತುಗಳು ಇನ್ನೂ ಶೂಟಿಂಗ್ ಆಗಿಲ್ಲ, ಇವತ್ತು ಕೂತು ಬರೀತೀನಿ. ನೀವು ಈಗ್ಲೂ ಟಿವಿ ಮುಂದೆ ಕೂರಲ್ಲ ಅಂತ ಅತ್ತೆ ಹೇಳಿದ್ರು."

ಅಷ್ಟು ಹೇಳಿ ಹೊರಟಳು. ಬಾಗಿಲ ಹತ್ತಿರ ತಿರುಗಿ, "ಕೊನೆ ಶುಕ್ರವಾರದ್ದು ತಪ್ಪಿಸ್ಬೇಡಿ" ಎಂದಳು.

ಆ ಕೊನೆಯ ವಾರ ಸೋಮವಾರ ಎರಡು ಗಂಟೆಗೆ ಡೈಲಾಗಮ್ಮ ಸೌಟು ಹಿಡಿದ ಕೈಯನ್ನು ಹಾಗೇ ಎತ್ತಿ ನಿಂತುಬಿಟ್ಟಳು. ಟಿವಿಯೊಳಗೆ ಯಾರೋ ಹೇಳುತ್ತಿದ್ದರು: "ಭಾವ, ಮಳೇಲಿ ನೆನೆದು ಯಾಕೆ ಬಂದ್ರಿ? ಆ ಪೆಟ್ಟಿಗೆ ಇಲ್ಲಿ ಕೊಡಿ." ಅತ್ತೆ ಬಟಾಣಿ ಬಿಟ್ಟು ಕತ್ತೆತ್ತಿದರು. "ಭಾವ ಬಂದ ಕಣೇ!" ಎಂದರು, ಸ್ವಂತ ಮಗನೇ ಬಂದಷ್ಟು ಖುಷಿಯಿಂದ.

ಮಂಗಳವಾರ ಕೆಳಗಿನ ನರ್ಸಮ್ಮನ ಕಿಟಕಿ ಮರಳಿತು. ಬುಧವಾರ ಐದು ಕಿಟಕಿ. ಸುದ್ದಿ ಸಂದಿಯಲ್ಲೇ ಹಬ್ಬಿತು: "ಮತ್ತೆ ಮಾತಾಡ್ತಿದಾರಂತೆ, ಹಾಕ್ರೇ!" ಗುರುವಾರ ಇಸ್ತ್ರಿಯಾಕೆ, "ಡೈಲಾಗಮ್ಮಾ, ನೀವೇ ವಾಪಸ್ ಬರೆಯೋಕೆ ಹೋದ್ರಾ? ಹೇಳಲೇ ಇಲ್ಲ!" ಎಂದು ಕೂಗಿದಳು. ಡೈಲಾಗಮ್ಮ ಕಿಟಕಿ ಮುಚ್ಚಿದಳು. ಒಂದು ಮಧ್ಯಾಹ್ನ ನೆಲದ ಮೇಲೆ ಕೂತು ಕಲಿತುಬಿಟ್ಟಳಲ್ಲ! ಒಂಬತ್ತು ವರ್ಷದ ವಿದ್ಯೆಯನ್ನು ಒಂದು ಬುಟ್ಟಿ ಬಟಾಣಿಯ ಜೊತೆ ಸುಲಿದುಕೊಂಡು ಹೋದಳಲ್ಲ! ಧಾರಾವಾಹಿ ಹೇಗೂ ನಿಲ್ಲುತ್ತದೆ, ಚಾನೆಲ್ಲಿನ ತೀರ್ಮಾನ ಬದಲಾಗುವುದಿಲ್ಲ ಎಂಬುದಷ್ಟೇ ಸಮಾಧಾನ. ಗೆದ್ದವಳು ನಾನೇ ಎಂದು ತನಗೆ ತಾನೇ ದಿನಕ್ಕೆ ನಾಲ್ಕು ಸಲ ಹೇಳಿಕೊಂಡಳು.

ಆದರೆ ನಡುವೆ ದೊಡ್ಡವಳು ಇದ್ದಳಲ್ಲ. ಗುರುವಾರದ ಕಂತು ಮುಗಿದಾಗ ದೊಡ್ಡವಳು ಪೆಟ್ಟಿಗೆ ಕಟ್ಟಿದ್ದಳು. ಭಾವ ಹೋಗಬೇಡ ಎಂದಿದ್ದ, ಅತ್ತೆ ಹೋಗು ಎಂದಿದ್ದಳು. "ನಾಳೆ ಹೇಳ್ತೀನಿ" ಎಂದಿದ್ದಳು ದೊಡ್ಡವಳು. ಡೈಲಾಗಮ್ಮನಿಗೆ ಅನ್ನ ಸೇರಲಿಲ್ಲ.

ಶುಕ್ರವಾರ ಅವಳು ಬೇಕೆಂದೇ ದೊಡ್ಡ ಕೆಲಸ ಹಚ್ಚಿಕೊಂಡಳು. ಇದ್ದಬದ್ದ ಪಾತ್ರೆಗಳನ್ನೆಲ್ಲ ತೊಟ್ಟಿಗೆ ಹಾಕಿ ಸೋಪು ಕಲಸಿದಳು. ಟಿವಿಯ ಮುಂದೆ ಹೋಗಿ ಕೂರುವ ಪ್ರಶ್ನೆಯೇ ಇರಲಿಲ್ಲ. ಶಪಥ ಶಪಥವೇ. ಅದೂ ಅಲ್ಲದೆ ಎದುರು ಮನೆಯವಳು ಯಾವ ಕ್ಷಣದಲ್ಲಾದರೂ ಬಂದು, ತಾನು ಅಲ್ಲಿ ಬಾಯಿ ಬಿಟ್ಟುಕೊಂಡು ಕೂತದ್ದನ್ನು ನೋಡಿಬಿಟ್ಟರೆ? ಕಿಟಕಿಯನ್ನು ಮಾತ್ರ ತೆರೆದಳು. ಹದಿನಾರು ಮನೆಯಿಂದಲೂ ಒಂದೇ ಶೀರ್ಷಿಕೆ ಗೀತೆ ಬಂತು.

ಕಂತು ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಮೈಯೆಲ್ಲ ಉರಿಯಿತು, ಆದರೂ ಚೆನ್ನಾಗಿತ್ತು. ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಯಾರು ಯಾರ ಮುಖ ತಪ್ಪಿಸುತ್ತಿದ್ದಾರೆ, ಎಲ್ಲವೂ ನೊರೆಯೊಳಗೆ ಕೈಯಿಟ್ಟವಳಿಗೆ ಕಾಣುತ್ತಿತ್ತು. ಒಂದೆರಡು ಕಡೆಯಂತೂ ತಾನೇ ಬರೆದಂತಿತ್ತು. ಇನ್ನೊಂದು ಕಡೆ ತನಗೆ ಹೊಳೆಯದೆ ಇದ್ದದ್ದೂ ಇತ್ತು. ಅತ್ತೆ ಬಟಾಣಿ ಮರೆತು, ತುಟಿ ಅಲುಗಿಸುತ್ತ ಕೇಳುತ್ತಿದ್ದರು.

"ಚಿಕ್ಕವಳೇ, ಅಳಬೇಡ" ಎಂದಳು ದೊಡ್ಡವಳು ಟಿವಿಯೊಳಗಿಂದ. "ಭಾವ, ಆ ಪೆಟ್ಟಿಗೆ ಬಾಗಿಲ ಹತ್ತಿರ ಇಡಿ. ಅತ್ತೆ, ನೀವು ಕೂತ್ಕೊಳ್ಳಿ. ಒಂಬತ್ತು ವರ್ಷ ಈ ಮನೇಲಿ ನಾನು ಏನು ಮಾಡ್ಬೇಕು ಅಂತ ಎಲ್ಲರೂ ಹೇಳಿದ್ರಿ. ಇವತ್ತು ನಾನು ಏನು ಮಾಡ್ತೀನಿ, ನೋಡಿ."

ನೋಡಿ, ಎಂದಳು.

ಆಮೇಲೆ ಮಾತಿಲ್ಲ. ಪಿಟೀಲೂ ಇಲ್ಲ. ಹದಿನಾರು ಅಡುಗೆಮನೆಗಳು ಒಟ್ಟಿಗೆ ಸುಮ್ಮನಾದವು. ನಡೆದ ಹೆಜ್ಜೆ ಸದ್ದು ಕೇಳಿತು. ಹತ್ತಿರ ಬರುತ್ತಿತ್ತೋ ದೂರ ಹೋಗುತ್ತಿತ್ತೋ ತಿಳಿಯಲಿಲ್ಲ. ಹೆಜ್ಜೆ ನಿಂತಿತು. ಮತ್ತೆ ನಡೆಯಿತು. ಡೈಲಾಗಮ್ಮನಿಗೆ ಅರ್ಥವಾಯಿತು. ಈ ಮೌನವನ್ನು ಕತ್ತರಿಸಿ, ಅಳತೆ ಮಾಡಿ, ತನಗೇ ಎಂದು ಹೊಲಿದಿದ್ದಾಳೆ ಕತ್ತರಿ. ಶಪಥ ಮಾಡಿದವಳಿಗೆ, ಸೋಪಿನ ಕೈಯವಳಿಗೆ, ಹೆತ್ತವಳಿಗೆ. ಮೂರು ಉಸಿರಿನಷ್ಟು ಹೊತ್ತು ಅವಳು ತೊಟ್ಟಿಯ ಅಂಚು ಹಿಡಿದು ತಡೆದುಕೊಂಡಳು. ಆಮೇಲೆ ತಡೆಯಲಾಗಲಿಲ್ಲ. ಓಡಿದಳು. ಅತ್ತೆಯ ಬುಟ್ಟಿ ಕಾಲಿಗೆ ತಾಗಿ ಬಟಾಣಿ ನೆಲದ ತುಂಬ ಉರುಳಿತು. ಅವಳು ನಡುಮನೆಗೆ ಬರುವುದಕ್ಕೂ ಒಂದು ಚಿಲಕದ ಸದ್ದಾಗುವುದಕ್ಕೂ ಸರಿಯಾಯಿತು. ಪರದೆಯ ಮೇಲೆ ಹೆಸರುಗಳು ಹತ್ತುತ್ತಿದ್ದವು. ಅವುಗಳ ಹಿಂದೆ ಬರಿಯ ಮುಚ್ಚಿದ ಬಾಗಿಲು. ದೊಡ್ಡವಳು ಅದರ ಯಾವ ಬದಿಗಿದ್ದಾಳೆಂದು ಹೇಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮರುಕ್ಷಣ ಬಟ್ಟೆ ಸೋಪಿನ ಜಾಹೀರಾತು ಬಂತು.

"ಏನಾಯ್ತೇ? ಹೋದ್ಲಾ?" ಎಂದು ಅತ್ತೆ ಒಳಗಿನಿಂದ ಕೇಳಿದರು.

ಮತ್ತೆ ಹಿಂದಕ್ಕೆ ತಿರುಗಿಸಿ ನೋಡುವ ಮೊಬೈಲು ಆಗ ಯಾರ ಕೈಯಲ್ಲೂ ಇರಲಿಲ್ಲ. ಒಮ್ಮೆ ಹೋದ ಕಂತು ಹೋದಂತೆಯೇ. ಅವಳು ಹೊರಬಾಗಿಲು ತೆರೆದು ಮೆಟ್ಟಿಲ ಹತ್ತಿರ ಬಂದಳು. ಅಲ್ಲಿ ಆಗಲೇ ಬಾಗಿಲುಗಳು ತೆರೆಯುತ್ತಿದ್ದವು. ಒಬ್ಬಳ ಕೈಯಲ್ಲಿ ನೊರೆ, ಒಬ್ಬಳ ಕೈಯಲ್ಲಿ ಹಿಟ್ಟು, ನರ್ಸಮ್ಮನ ಕಂಕುಳಲ್ಲಿ ಬಾಯಿಗೆಲ್ಲ ಗಂಜಿ ಮೆತ್ತಿಕೊಂಡ ಮಗು.

"ಹೋದ್ಲಾ, ಇದ್ಲಾ? ಯಾರಾದ್ರೂ ನೋಡಿದ್ರೇನ್ರೇ?"

"ಚಿಲಕದ ಸದ್ದಾಯ್ತಲ್ಲ, ಹೋದ್ಲು."

"ಚಿಲಕ ತೆಗೆದಿದ್ದೋ ಹಾಕಿದ್ದೋ?"

"ಹಾಕಿದ್ದೇ. ಒಳಗಿಂದ ಹಾಕಿದ್ಲು. ಉಳ್ಕೊಂಡ್ಲು."

"ಹೊರಗಿಂದ ಹಾಕಿರಬಾರದಾ?"

ಇಡೀ ಕಟ್ಟಡದಲ್ಲಿ ಒಬ್ಬರೂ ನೋಡಿರಲಿಲ್ಲ. ಒಂಬತ್ತು ವರ್ಷ ಹೀಗೆ ಕಿವಿಯಿಂದಲೇ ಕಥೆ ತಿನ್ನಿಸಿ ಬೆಳೆಸಿದವಳು ಡೈಲಾಗಮ್ಮನೇ ಅಲ್ಲವೇ. ಇಸ್ತ್ರಿಯಾಕೆ ಕೆಳಗಿನ ಮೆಟ್ಟಿಲಿನಿಂದ ಅವಳನ್ನು ಕಂಡು ಕೂಗಿದಳು: "ಅಲ್ನೋಡ್ರೇ, ಬರೆದೋರೇ ನಿಂತಿದಾರೆ! ಡೈಲಾಗಮ್ಮಾ, ನೀವೇ ಹೇಳ್ಬಿಡಿ, ಏನ್ಮಾಡಿದ್ಲು ನಮ್ಮ ದೊಡ್ಡವಳು?"

ಎಲ್ಲರೂ ತಲೆಯೆತ್ತಿ ನೋಡಿದರು. ಒಂದು ಮಾತು ಸಾಕಿತ್ತು. ಹೋದಳು ಎಂದಿದ್ದರೆ ಹೋದಳು, ಉಳಿದಳು ಎಂದಿದ್ದರೆ ಉಳಿದಳು. ಆ ಹದಿನಾರು ಮನೆಯವರೂ ಅದನ್ನೇ ನಂಬಿ ಪಾತ್ರೆ ತೊಳೆಯಲು ಹೋಗುತ್ತಿದ್ದರು. ಅವಳು ಬಾಯಿ ತೆರೆದಳು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬೇಕಾದ ಹಾಗೆ ಹೇಳುವುದೇ ಅವಳ ಕಸುಬು. ದೊಡ್ಡವಳ ವಿಷಯದಲ್ಲಿ ಮಾತ್ರ ಅದು ಬಾಯಿಗೆ ಬರಲಿಲ್ಲ. ಸುಳ್ಳು ಹೇಳಿದರೆ ಅವಳನ್ನು ತಾನೇ ಎರಡನೇ ಸಲ ಕಳೆದುಕೊಂಡಂತೆ ಅನ್ನಿಸಿತು.

ಆ ಮಹಡಿಯಲ್ಲಿ ತೆರೆಯದೆ ಉಳಿದದ್ದು ಒಂದೇ ಬಾಗಿಲು. ಡೈಲಾಗಮ್ಮ ನಾಲ್ಕು ಹೆಜ್ಜೆ ನಡೆದು ಅದರ ಮುಂದೆ ನಿಂತಳು. ಅವಳು ಗಂಟೆ ಒತ್ತಿದಳು. ಒತ್ತುಗುಂಡಿಯ ಮೇಲೆ ಸೋಪಿನ ನೊರೆ ಉಳಿಯಿತು. ಒಳಗೆ ಕುರ್ಚಿ ಸರಿಯಿತು. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು.

ಬಾಗಿಲಿನ ನಡುವೆ, ಬಂದವರನ್ನು ಒಳಗಿನಿಂದ ಇಣುಕಿ ನೋಡುವ ಗಾಜಿನ ತೂತಿನಲ್ಲಿ ಒಳಮನೆಯ ಬೆಳಕಿನ ಒಂದು ಚುಕ್ಕಿ ಇತ್ತು. ಅದು ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು.